ಹಿಮಕ್ಕೂ ಹದ ನೋಡಿ ಹೋಗಬೇಕು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಡಿಸೆಂಬರ್ ರಜೆಗೆ ಹಿಮದ ಊರುಗಳಿಗೆ ಹೋಗುವ ಬಗ್ಗೆ ಒಂದು ಪುಟ ಬಂದಿತ್ತು. ಫೋಟೊಗಳು ಚೆನ್ನಾಗಿದ್ದವು. ಅದೇ ಪುಟದ ಕೆಳಗೆ ಟೂರ್ ಪ್ಯಾಕೇಜಿನ ಮೂರು ಜಾಹೀರಾತು. ಮೂರರಲ್ಲೂ ಕ್ರಿಸ್‌ಮಸ್ ವಾರದ ತಾರೀಖು, ಮೂರರಲ್ಲೂ ‘ಸ್ಕೀಯಿಂಗ್’ ಅನ್ನುವ ಮಾತು, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ. ಅದನ್ನು ನೋಡಿ ನನ್ನ ಅಂಗಡಿಗೆ ಬರುವ ಇಬ್ಬರು ಆಗಲೇ ಮುಂಗಡ ಕೊಟ್ಟಿದ್ದಾರೆ. ಇನ್ನೊಬ್ಬರು ಕೊಡುವವರಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಉಳಿದವರಿಗೂ ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸದೆ ಹಾಕಿ.

ನನ್ನದು ಚಿತ್ರದುರ್ಗದಲ್ಲಿ ಬೀಜ, ಗೊಬ್ಬರದ ಅಂಗಡಿ. ನಾನೇನು ದೇಶ ಸುತ್ತಿದವನಲ್ಲ. ಹಿಮ ಇರುವ ಕಡೆ ಎರಡೇ ಸಲ ಹೋಗಿದ್ದೇನೆ. ಒಂದು ಸಲ ಪೂರ್ತಿ ಕೆಟ್ಟಿತು. ಇನ್ನೊಂದು ಸಲ ಜೀವನದಲ್ಲಿ ಮರೆಯಲಾಗದ ಹಾಗೆ ಆಯಿತು. ಊರು ಬೇರೆ ಅನ್ನುವುದಕ್ಕಿಂತ, ಎರಡಕ್ಕೂ ಇದ್ದ ವ್ಯತ್ಯಾಸ ನಾನು ತಾರೀಖು ಗೊತ್ತು ಮಾಡಿದ ರೀತಿಯಲ್ಲಿತ್ತು.

ಮೊದಲ ಸಲ ಹೋದದ್ದು 2023ರ ಡಿಸೆಂಬರಿನಲ್ಲಿ. ಅವ್ವನಿಗೆ ಆಗ ಎಪ್ಪತ್ತೊಂದು. ಟಿ.ವಿ.ಯಲ್ಲಿ ಬೆಟ್ಟವೆಲ್ಲ ಬೆಳ್ಳಗಿರುವುದನ್ನು ನೋಡಿದಾಗಲೆಲ್ಲ ‘ಅದನ್ನ ಒಂದ್ಸಲ ಮುಟ್ಟಬೇಕು ಕಣಪ್ಪ’ ಅನ್ನುತ್ತಿದ್ದಳು. ಮಕ್ಕಳಿಗೆ ಸ್ಕೀ ಹತ್ತುವ ಆಸೆ. ನನಗೂ ಹೆಂಡತಿಗೂ ಈ ಎರಡು ಆಸೆಯೂ ಒಂದೇ ಖರ್ಚಿನಲ್ಲಿ ಮುಗಿದರೆ ಸಾಕು ಅನ್ನುವ ಲೆಕ್ಕ. ಮಗನ ಶಾಲೆಗೆ ಕ್ರಿಸ್‌ಮಸ್ ರಜೆ ಇತ್ತು. ಅಂಗಡಿಯಲ್ಲೂ ಆಗ ಕೆಲಸ ಕಡಿಮೆ. ಟೂರ್ ಏಜೆಂಟರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ‘ಎಷ್ಟು ಜನ, ಯಾವ ತಾರೀಖು?’ ಅಂತ. ಮನಾಲಿ ಅಂದರು. ಸೋಲಾಂಗ್ ಕಣಿವೆಯಲ್ಲಿ ಹಿಮ ಗ್ಯಾರಂಟಿ ಅಂದರು. ಮೊಬೈಲಿನಲ್ಲಿ ಫೋಟೊ ತೋರಿಸಿದರು. ಐದು ಜನಕ್ಕೆ ಒಂದು ಲಕ್ಷದ ನಲವತ್ತು ಸಾವಿರ ಕಟ್ಟಿದೆವು.

ಚಂಡೀಗಢದಿಂದ ಮನಾಲಿಗೆ ಸುಮಾರು 300 ಕಿಲೋಮೀಟರ್. ರಾತ್ರಿಯೆಲ್ಲ ತಿರುವಿನ ರಸ್ತೆ. ಬೆಳಿಗ್ಗೆ ಸೋಲಾಂಗ್ ಕಡೆ ಹೊರಟಾಗ ದಾರಿಯುದ್ದಕ್ಕೂ ಬಾಡಿಗೆಗೆ ಕೋಟು, ಬೂಟು ಕೊಡುವ ಅಂಗಡಿಗಳು. ಪ್ರತಿ ಅಂಗಡಿಗೂ ಒಂದು ನಂಬರು. ನಮ್ಮ ಡ್ರೈವರ್ ಒಂದರ ಮುಂದೆ ನಿಲ್ಲಿಸಿದ. ಎಲ್ಲರೂ ಬಣ್ಣಬಣ್ಣದ ಕೋಟು ಹಾಕಿಕೊಂಡೆವು. ಅವ್ವ ಸೀರೆ ಮೇಲೆಯೇ ಒಂದು ಕೆಂಪು ಕೋಟು ಹಾಕಿದಳು. ಗಮ್ ಬೂಟು ಕಾಲಿಗೆ ಹತ್ತದೆ ಮಗಳು ಕೂತು ಹಾಕಿಸಿದಳು.

ಸೋಲಾಂಗ್‌ನಲ್ಲಿ ಇಳಿದು ನೋಡಿದರೆ ಒಣಗಿದ ಹುಲ್ಲು. ನಮ್ಮ ಜೋಗಿಮಟ್ಟಿ ಬೆಟ್ಟ ಬೇಸಿಗೆಯಲ್ಲಿ ಹೇಗಿರುತ್ತದೋ ಹಾಗೆ. ದೂರದ ಶಿಖರಗಳ ಮೇಲೆ ಬಿಳಿ ಕಾಣುತ್ತಿತ್ತು, ಅಷ್ಟೇ. ಸ್ಕೀ ಹಲಗೆಗಳನ್ನು ಹಿಡಿದುಕೊಂಡ ಹುಡುಗರು ಓಡಿ ಬಂದರು. ಮಣ್ಣಾಗಿದ್ದ ಒಂದು ಹಿಮದ ಪಟ್ಟಿಯ ಮೇಲೆ ನಿಲ್ಲಿಸಿ, ಕೈ ಹಿಡಿದು ನಾಲ್ಕು ಹೆಜ್ಜೆ ಎಳೆದು, ಫೋಟೊ ತೆಗೆದು ದುಡ್ಡು ಕೇಳಿದರು. ಅವರನ್ನು ನಾನು ಬೈಯುವುದಿಲ್ಲ. ಆ ವರ್ಷ ಹಿಮ ಬೀಳದಿದ್ದರೂ ಅವರ ಮನೆಯ ಒಲೆ ಉರಿಯಬೇಕಲ್ವಾ? ಆದರೆ ಅವ್ವ ಸುತ್ತ ನೋಡಿ, ‘ಮಂಜು ಎಲ್ಲೈತಪ್ಪಾ?’ ಅಂತ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೆಯ ದಿನ ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಹೋದರೆ ಹಿಮ ಸಿಗುತ್ತದೆ ಅಂದರು. ಅದಕ್ಕೆ ಬೇರೆ ದುಡ್ಡು. ಆ ವಾರ ಇಡೀ ಉತ್ತರ ಭಾರತವೇ ಅಲ್ಲಿಗೆ ಬಂದ ಹಾಗಿತ್ತು. ಐದು ಗಂಟೆ ಗಾಡಿಯಲ್ಲೇ ಕೂತೆವು. ಶೌಚಕ್ಕೂ ಜಾಗವಿಲ್ಲ. ಅವ್ವನಿಗೆ ಮಂಡಿ ನೋವು ಶುರುವಾಯಿತು. ಸುರಂಗದ ಬಾಯಿ ಕಾಣುವ ಮೊದಲೇ ವಾಪಸ್ ತಿರುಗಿದೆವು. ಸುರಂಗ 9.02 ಕಿಲೋಮೀಟರ್ ಉದ್ದ, ದಾಟಲು ಕಾಲು ಗಂಟೆ ಸಾಕು. ಆದರೆ ಅದರ ಹತ್ತಿರ ಹೋಗಲಿಕ್ಕೇ ಆಗಲಿಲ್ಲ.

ಹೋಟೆಲಿನಲ್ಲಿ ಮಗಳು ಏಜೆಂಟರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದಳು. ಒಂದರ ಮೂಲೆಯಲ್ಲಿ ತಾರೀಖು ಅಚ್ಚಾಗಿತ್ತು. ಫೆಬ್ರವರಿ 11. ‘ಅಪ್ಪಾಜಿ, ಇದು ಡಿಸೆಂಬರಿನದಲ್ಲ’ ಅಂದಳು. ಆ ಒಂದು ತಾರೀಖು ನನಗೆ ಎಲ್ಲವನ್ನೂ ಹೇಳಿತು.

ಊರಿಗೆ ಬಂದ ಮೇಲೆ ನಾನು ಏಜೆಂಟರ ಜೊತೆ ಜಗಳವಾಡಿದೆ. ಹಿಮ ಬೀಳುವುದು ನಮ್ಮ ಕೈಲಿಲ್ಲ ಅಂದರು. ನಿಜ, ಅವರ ಕೈಲಿಲ್ಲ. ಹಾಗಾದರೆ ಗ್ಯಾರಂಟಿ ಅಂದದ್ದು ಯಾಕೆ? ಆದರೆ ಯೋಚನೆ ಮಾಡಿದಾಗ ನನ್ನ ಮೇಲೂ ನನಗೆ ಬೇಜಾರಾಯಿತು. ಯಾಕೆಂದರೆ ಇದು ನನಗೆ ಗೊತ್ತಿರಬೇಕಾದ ವಿಷಯ.

ನಮ್ಮ ಅಂಗಡಿಗೆ ಮೇ ತಿಂಗಳಿಂದಲೇ ರೈತರು ಬರುತ್ತಾರೆ. ಶೇಂಗಾ ಬೀಜ ಕೈಯಲ್ಲಿ ಹಿಡಿದು ನೋಡುತ್ತಾರೆ. ರೇಟು ಕೇಳುತ್ತಾರೆ. ವಾಪಸ್ ಹೋಗುತ್ತಾರೆ. ಯಾರೂ ಬಿತ್ತನೆಯ ತಾರೀಖು ಹೇಳುವುದಿಲ್ಲ. ‘ಹದ ಆದ್ರೆ ಬರ್ತೀನಿ’ ಅನ್ನುತ್ತಾರೆ. ರೋಹಿಣಿಗೆ ಆಗದಿದ್ದರೆ ಮೃಗಶಿರ, ಅದೂ ಇಲ್ಲವಾದರೆ ಆರಿದ್ರ. ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರ ಹುಟ್ಟುವ ದಿನ ಬರೆದಿರುತ್ತದೆ. ಮಳೆ ಬೀಳುವ ದಿನ ಬರೆದಿರುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಂಥ ಊರಿನವನಾಗಿ ನಾನು ಶಾಲೆಯ ರಜೆ ನೋಡಿ ಹಿಮಕ್ಕೆ ಹೊರಟೆನಲ್ಲ!

ಕಾಶ್ಮೀರದವರು ಚಳಿಗೂ ನಮ್ಮ ಮಳೆಗಳ ಹಾಗೆ ಹೆಸರು ಇಟ್ಟಿದ್ದಾರೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಸಣ್ಣ ಚಳಿ. ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ, ಮರಿ ಚಳಿ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂರುತ್ತದೆ, ಬೇಗ ಕರಗುವುದಿಲ್ಲ. ಅದರ ಮೇಲೆ ಮುಂದಿನದು ಬಿದ್ದು ಪದರ ದಪ್ಪವಾಗುತ್ತದೆ. ಅಂದರೆ ಡಿಸೆಂಬರ್ ಕೊನೆಗೆ ಹೋಗುವುದು ಅಂದರೆ ದೊಡ್ಡ ಚಳಿ ಹುಟ್ಟಿದ ನಾಲ್ಕನೇ ದಿನ ಹೋಗುವುದು. ಮೃಗಶಿರ ಹುಟ್ಟಿದ ನಾಲ್ಕನೇ ದಿನ ಕೆರೆ ತುಂಬಿದೆಯಾ ಅಂತ ನೋಡಲು ಹೋದ ಹಾಗೆ.

ಅಲ್ಲಿ ಹಿಮ ತರುವುದು ನಮ್ಮ ಮುಂಗಾರು ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಗಾಳಿ, ಮೋಡ. ಹವಾಮಾನದವರು ಅದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಅದು ಬಂದರೆ ಎರಡು ದಿನದಲ್ಲಿ ಎಲ್ಲ ಬೆಳ್ಳಗಾಗುತ್ತದೆ. ಬರದಿದ್ದರೆ ಎಷ್ಟೇ ಚಳಿ ಇದ್ದರೂ ನೆಲ ಒಣ ಒಣ. ನಾವು ಹೋಗಿ ಬಂದ ಮುಂದಿನ ತಿಂಗಳು, 2024ರ ಜನವರಿಯಲ್ಲಿ, ಕಾಶ್ಮೀರದ ಗುಲ್ಮಾರ್ಗ್ ಕೂಡ ಕಂದು ಬಣ್ಣಕ್ಕೆ ತಿರುಗಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ದೊಡ್ಡ ಚಳಿಯ ನಟ್ಟ ನಡುವೆ! ಹಿಮ ಬಂದದ್ದು ಆ ತಿಂಗಳ ಕೊನೆಗೆ. ಫೆಬ್ರವರಿಯಲ್ಲಿ ಅಲ್ಲೇ ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು.

ಕೃತಕ ಹಿಮ ಮಾಡುವ ಯಂತ್ರ ಇಲ್ಲವಾ ಅಂತ ಕೆಲವರು ಕೇಳುತ್ತಾರೆ. ಇದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿ ಅಂಥ ಹಿಮದ ಮೇಲೆಯೇ ನಡೆಯಿತು. ನಮ್ಮ ದೇಶದಿಂದ ಅಲ್ಲಿಗೆ ಹೋಗಿದ್ದ ಒಬ್ಬನೇ ಆಟಗಾರ ಆರಿಫ್ ಖಾನ್ ಗುಲ್ಮಾರ್ಗ್ ಕಡೆಯ ಹುಡುಗ. ಆದರೆ ಆ ಯಂತ್ರ ನೀರನ್ನು ಸಣ್ಣಗೆ ಚಿಮ್ಮಿಸಿ ಹೆಪ್ಪುಗಟ್ಟಿಸಬೇಕು. ಅದಕ್ಕೆ ಗಾಳಿಯ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿಗಾದರೂ ಇಳಿದಿರಬೇಕು, ನೀರೂ ಬೇಕು. ಸುಮ್ನೆ ಸ್ವಿಚ್ ಹಾಕಿದರೆ ಆಗುವ ಕೆಲಸ ಅಲ್ಲ.

ಈಗ ಎಲ್ಲಿಗೆ ಅನ್ನುವ ಮಾತು. ಇದನ್ನು ಗೊತ್ತು ಮಾಡುವ ಮೊದಲು ಮನೆಯವರೆಲ್ಲ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ. ನಮಗೆ ಹಿಮ ನೋಡಬೇಕೋ, ಸ್ಕೀ ಕಲಿಯಬೇಕೋ? ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇ ನಮ್ಮ ಮೊದಲ ತಪ್ಪು. ನೋಡಲು ಒಂದು ದಿನ ಸಾಕು, ಗಾಡಿ ಹೋಗುವ ಜಾಗ ಸಾಕು. ಕಲಿಯಲು ಕಡಿಮೆ ಅಂದರೆ ನಾಲ್ಕೈದು ದಿನ ಒಂದೇ ಊರಿನಲ್ಲಿ ಇರಬೇಕು. ಐದು ದಿನದಲ್ಲಿ ಶಿಮ್ಲಾ, ಕುಫ್ರಿ, ಮನಾಲಿ ಮೂರನ್ನೂ ತೋರಿಸುವ ಪ್ಯಾಕೇಜಿನಲ್ಲಿ ಸ್ಕೀ ಕಲಿಯಲು ಆಗುವುದಿಲ್ಲ. ಅದರಲ್ಲಿ ಸಿಗುವುದು ಫೋಟೊ.

ಮನಾಲಿಯ ಸೋಲಾಂಗ್ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಒಳ್ಳೆ ಹಿಮ ಬಿದ್ದ ವರ್ಷ ಜನವರಿ, ಫೆಬ್ರವರಿಯಲ್ಲಿ ಕಲಿಯಲು ಚೆನ್ನಾಗಿರುತ್ತದಂತೆ. ಮನಾಲಿಯಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸರ್ಕಾರಿ ಪರ್ವತಾರೋಹಣ ಸಂಸ್ಥೆ ಸ್ಕೀ ತರಬೇತಿಯನ್ನೂ ಕೊಡುತ್ತದೆ. ಕಾಲೇಜು ಹುಡುಗರು ಟೂರ್ ಬಿಟ್ಟು ಆ ಕೋರ್ಸಿಗೆ ಅರ್ಜಿ ಹಾಕುವುದು ಒಳ್ಳೆಯದು.

ಔಲಿ ಇರುವುದು ಉತ್ತರಾಖಂಡದಲ್ಲಿ, ಬದರಿಗೆ ಹೋಗುವ ದಾರಿಯ ಜೋಶಿಮಠದ ಮೇಲೆ. ನಮ್ಮ ಕಡೆಯ ಎಷ್ಟೋ ಹಿರಿಯರು ಬದರಿಗೆ ಹೋಗುವಾಗ ಅದರ ಕೆಳಗೇ ಹಾದುಹೋಗಿದ್ದಾರೆ. ಇಳಿಜಾರು 2,500ರಿಂದ 3,000 ಮೀಟರ್ ತನಕ ಇದೆ. ಎದುರಿಗೆ 7,816 ಮೀಟರಿನ ನಂದಾದೇವಿ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಪಂದ್ಯಗಳು ಅಲ್ಲಿ ನಡೆದಿದ್ದವು. ಅಲ್ಲಿನ ಸರ್ಕಾರದ ಗಢವಾಲ್ ಮಂಡಲ ವಿಕಾಸ ನಿಗಮದವರು ಏಳು ದಿನದ, ಹದಿನಾಲ್ಕು ದಿನದ ಕೋರ್ಸು ನಡೆಸುತ್ತಾರೆ. ಕಷ್ಟ ಅಂದರೆ ದಾರಿ. ಋಷಿಕೇಶದಿಂದ ಸುಮಾರು 250 ಕಿಲೋಮೀಟರ್, ಪೂರ್ತಿ ಒಂದು ಹಗಲು ಬೇಕು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು. ಹಾಗಾಗಿ ಹಳೆಯ ಲೇಖನ ಓದಿ ರೋಪ್‌ವೇ ನಂಬಿಕೊಂಡು ಹೋಗಬೇಡಿ. ಅಲ್ಲಿನ ಹೋಟೆಲಿನವರಿಗೆ ಫೋನ್ ಮಾಡಿ, ರಸ್ತೆ ಹೇಗಿದೆ, ಹಿಮ ಎಷ್ಟಿದೆ ಎರಡನ್ನೂ ಕೇಳಿ.

ನಾನು ಎರಡನೇ ಸಲ ಆರಿಸಿದ್ದು ಗುಲ್ಮಾರ್ಗ್. ಕಾರಣ ಎತ್ತರ. ಊರೇ ಸುಮಾರು 2,650 ಮೀಟರ್. ಅಲ್ಲಿಂದ ಗೊಂಡೋಲಾ, ಅಂದರೆ ತಂತಿಯ ಮೇಲೆ ತೂಗಿಕೊಂಡು ಹೋಗುವ ಡಬ್ಬಿ, ಎರಡು ಹಂತದಲ್ಲಿ ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ತನಕ ಕರೆದೊಯ್ಯುತ್ತದೆ. ಸಾವಿರ ಮೀಟರ್ ಮೇಲೆ ಹೋದರೆ ಆರು ಡಿಗ್ರಿಯಷ್ಟು ತಂಪು ಜಾಸ್ತಿ. ಅಂದರೆ ಕೆಳಗೆ ಕರಗಿದರೂ ಮೇಲೆ ಇರುತ್ತದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಸಂಸ್ಥೆಯೂ ಅಲ್ಲೇ ಇದೆ.

ಈ ಸಲ ಹೋದದ್ದು ನಾನು, ಮಗಳು ಇಬ್ಬರೇ. ಮಗನಿಗೆ ಮಾರ್ಚ್ ಕೊನೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಅವನ ಜೊತೆ ಹೆಂಡತಿ ಉಳಿದಳು. ಅವ್ವನಿಗೆ ಮಂಡಿ ನೋವು. ಮಗಳು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಾಳೆ. 2025ರ ಫೆಬ್ರವರಿ 20ಕ್ಕೆ ಟಿಕೆಟ್ ತೆಗೆದಿದ್ದೆವು. ಆದರೆ ಈ ಸಲ ಎರಡು ವಾರ ಮೊದಲಿಂದ ಮಗಳು ದಿನಾ ಶ್ರೀನಗರದ ಹವಾಮಾನ ಕಚೇರಿಯ ಮುನ್ಸೂಚನೆ ನೋಡುತ್ತಿದ್ದಳು. ನಾನು ಹೋಟೆಲಿನವರಿಗೆ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ‘ಇನ್ನೂ ಸಾಲದು ಸಾಬ್’ ಅನ್ನುತ್ತಿದ್ದರು. ಆ ಮನುಷ್ಯನ ಪ್ರಾಮಾಣಿಕತೆಗೆ ಕೈ ಮುಗಿಯಬೇಕು. ಅಷ್ಟರಲ್ಲಿ ಸುದ್ದಿ ಬಂತು. ಫೆಬ್ರವರಿ 22ಕ್ಕೆ ಗುಲ್ಮಾರ್ಗ್‌ನಲ್ಲಿ ಶುರುವಾಗಬೇಕಿದ್ದ ಖೇಲೋ ಇಂಡಿಯಾ ಕೂಟವನ್ನೇ ಹಿಮ ಸಾಲದೆ ಮುಂದಕ್ಕೆ ಹಾಕಿದರು. ದೇಶದ ಕ್ರೀಡಾಕೂಟವೇ ಕಾಯುತ್ತಿರುವಾಗ ನಮ್ಮದೇನು? ತಲೆಗೆ ಮೂರೂವರೆ ಸಾವಿರ ಹೆಚ್ಚು ಕೊಟ್ಟು ಟಿಕೆಟ್ ಮಾರ್ಚ್ 4ಕ್ಕೆ ಬದಲಿಸಿದೆವು. ಹೋಟೆಲಿನವರು ಒಂದು ರೂಪಾಯಿ ಕೇಳದೆ ತಾರೀಖು ಬದಲಿಸಿಕೊಟ್ಟರು. ಫೆಬ್ರವರಿ ಕೊನೆಯ ದಿನಗಳಲ್ಲಿ ಅಲ್ಲಿ ಒಂದೇ ಸಮನೆ ಹಿಮ ಬಿತ್ತು.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ತಂಗಮಾರ್ಗ್‌ನಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಸರಪಳಿ ಕಟ್ಟಿದ ಬೇರೆ ಗಾಡಿ ಹತ್ತಿದೆವು. ಅಲ್ಲಿಂದ ಮೇಲಕ್ಕೆ ರಸ್ತೆಯ ಎರಡೂ ಕಡೆ ಹಿಮದ ಗೋಡೆ. ದೇವದಾರು ಮರಗಳ ಕೊಂಬೆಗಳು ಹಿಮದ ಭಾರಕ್ಕೆ ಬಾಗಿದ್ದವು. ಮಗಳು ಕಿಟಕಿ ಇಳಿಸಿ ಕೈ ಹೊರಗೆ ಹಾಕಿದಳು. ನಾನು ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಇದೂ ಮೊದಲೇ ಗೊತ್ತಿದ್ದರಿಂದ ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೋಗಿದ್ದೆ. ಅವ್ವ ಆ ಕಡೆಯಿಂದ ಏನೂ ಮಾತಾಡಲಿಲ್ಲ. ಸುಮ್ನೆ ನೋಡುತ್ತಾ ಕೂತಿದ್ದಳು.

ಸ್ಕೀ ಮತ್ತು ಬೂಟಿನ ಬಾಡಿಗೆ ದಿನಕ್ಕೆ ಒಬ್ಬರಿಗೆ ಎಂಟುನೂರು. ಇಬ್ಬರಿಗೂ ಸೇರಿ ಒಬ್ಬ ಗುರು, ದಿನಕ್ಕೆ ಎರಡು ಸಾವಿರ. ಮೊದಲ ದಿನ ಪೂರ್ತಿ ಹೋದದ್ದು ಬೂಟು ಹಾಕುವುದು, ಬೀಳುವುದು, ಬಿದ್ದರೆ ಏಳುವುದು, ಅಡ್ಡಡ್ಡ ಹೆಜ್ಜೆ ಇಟ್ಟು ದಿಬ್ಬ ಹತ್ತುವುದರಲ್ಲಿ. ಎರಡನೇ ದಿನ ನಿಲ್ಲಿಸುವುದನ್ನು ಹೇಳಿಕೊಟ್ಟರು. ಹಲಗೆಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲಿಸಿ ಒತ್ತಬೇಕು. ಅದಕ್ಕೆ ‘ಸ್ನೋ ಪ್ಲೋ’ ಅನ್ನುತ್ತಾರೆ, ಅಂದರೆ ಹಿಮದ ನೇಗಿಲು. ನೇಗಿಲು ಅಂದ ತಕ್ಷಣ ನನಗೆ ಅರ್ಥವಾಯಿತು. ಮೇಣಿ ಒತ್ತಿದರೆ ನೇಗಿಲು ಹೇಗೆ ನೆಲ ಹಿಡಿಯುತ್ತದೋ ಹಾಗೆ ಹಿಮ್ಮಡಿ ಒತ್ತಿದಾಗ ಹಲಗೆ ಹಿಮ ಹಿಡಿಯಿತು. ಮೂರನೇ ದಿನ ಮಗಳು ದಿಬ್ಬದ ಮೇಲಕ್ಕೆ ಎಳೆದೊಯ್ಯುವ ಸಣ್ಣ ಲಿಫ್ಟ್ ಹಿಡಿದು ಮೇಲೆ ಹೋಗಿ, ಬೀಳದೆ ಕೆಳಗೆ ಬಂದು, ನನ್ನ ಮುಂದೆ ನಿಂತಳು. ಮುಖವೆಲ್ಲ ಕೆಂಪಾಗಿತ್ತು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ.

ಮಾರ್ಚ್‌ನಲ್ಲಿ ಹೋಗುವವರಿಗೆ ಒಂದು ಮಾತು. ಬೆಳಿಗ್ಗೆ ಬೇಗ ಕಲಿಯಿರಿ. ರಾತ್ರಿ ಗಟ್ಟಿಯಾದ ಹಿಮ ಹತ್ತು ಗಂಟೆಗೆ ಹದಕ್ಕೆ ಬರುತ್ತದೆ. ಮಧ್ಯಾಹ್ನ ಒಂದರ ಮೇಲೆ ಬಿಸಿಲಿಗೆ ಕೆಸರಿನ ಹಾಗೆ ಆಗಿ ಕಾಲು ಸಿಕ್ಕಿಕೊಳ್ಳುತ್ತದೆ, ಮಂಡಿ ತಿರುಚುತ್ತದೆ. ನಾವು ಊಟದ ಹೊತ್ತಿಗೆ ಮುಗಿಸಿಬಿಡುತ್ತಿದ್ದೆವು. ಕಪ್ಪು ಕನ್ನಡಕ ಬೇಕೇ ಬೇಕು, ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ. ಒಳಗೆ ಹತ್ತಿ ಬನಿಯನ್ ಬೇಡ. ನಮ್ಮ ಬೇಸಿಗೆಗೆ ಹತ್ತಿಗಿಂತ ಒಳ್ಳೆ ಬಟ್ಟೆ ಇಲ್ಲ, ಆದರೆ ಅಲ್ಲಿ ಅದು ಬೆವರು ಕುಡಿದು ಒದ್ದೆಯಾಗಿ ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ.

ಅಪಾಯದ ಬಗ್ಗೆಯೂ ಬರೆಯಲೇಬೇಕು. ಹಿಮ ಜಾಸ್ತಿ ಬಿದ್ದ ಮಾರನೆಯ ದಿನಗಳೇ ಹಿಮ ಕುಸಿಯುವ ದಿನಗಳು. 2023ರ ಫೆಬ್ರವರಿ 1ರಂದು ಅಫರ್ವಟ್ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ತೀರಿಕೊಂಡರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗ್ ಹತ್ತಿರದ ಖಿಲನ್‌ಮಾರ್ಗ್‌ನಲ್ಲಿ ರಷ್ಯಾದ ಒಬ್ಬರು. ಇವರೆಲ್ಲ ಸ್ಕೀ ಗೊತ್ತಿದ್ದವರು. ಗುರುತು ಹಾಕಿದ ಜಾಗ ಬಿಟ್ಟು ಆಚೆ ಹೋಗುವುದು ಹೊಸಬರ ಕೆಲಸ ಅಲ್ಲ. ಗಾಳಿ ಜೋರಾದರೆ, ಕುಸಿಯುವ ಭಯ ಇದ್ದರೆ ಗೊಂಡೋಲಾದ ಎರಡನೇ ಹಂತ ನಿಲ್ಲಿಸುತ್ತಾರೆ. ಆಗ ಟಿಕೆಟ್ ಹೋಯಿತು ಅಂತ ಅಲ್ಲಿನವರ ಮೇಲೆ ಕೂಗಾಡಬೇಡಿ. ಹಾಗೆ ಕೂಗಾಡುವವರನ್ನು ನಾನು ನೋಡಿದೆ, ನೋಡಿ ಬೇಸರವಾಯಿತು.

ನಾವು ಹೊರಡುವ ಹೊತ್ತಿಗೆ ಮಾರ್ಚ್ 9ರ ಕ್ರೀಡಾಕೂಟಕ್ಕೆ ಬಾವುಟ ಕಟ್ಟುತ್ತಿದ್ದರು. ಊರಿಗೆ ಬಂದ ಮೇಲೆ ಪತ್ರಿಕೆಯಲ್ಲಿ ಓದಿದೆ. ನಮ್ಮ ಕೊಡಗಿನ ತೆಕ್ಕಡ ಭವಾನಿ ಆ ಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್, ಅಂದರೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ದೂರ ಸಾಗುವ ಓಟದಲ್ಲಿ ಚಿನ್ನ ಗೆದ್ದಿದ್ದರು. ಹಿಮವೇ ಬೀಳದ ನಾಡಿನ ಹೆಣ್ಣುಮಗಳು! ಮಗಳು ಆ ಫೋಟೊ ಕತ್ತರಿಸಿ ಹಾಸ್ಟೆಲಿನ ಗೋಡೆಗೆ ಅಂಟಿಸಿದ್ದಾಳೆ.

ಕಾಶ್ಮೀರಕ್ಕೆ ಹೋಗಿ ಅಂತ ಹೇಗೆ ಹೇಳುತ್ತೀರಿ ಅಂತ ಓದುಗರು ಕೇಳಬಹುದು. ನಾವು ಬಂದ ಮುಂದಿನ ತಿಂಗಳೇ, ಏಪ್ರಿಲ್ 22ಕ್ಕೆ, ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಶಿವಮೊಗ್ಗದವರೂ ಅದರಲ್ಲಿದ್ದರು. ಶಿವಮೊಗ್ಗ ನಮಗೆ ಪಕ್ಕದ ಊರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮಗೆ ಕಲಿಸಿದ ಹುಡುಗನಿಗೆ ಫೋನ್ ಮಾಡಿದರೆ ಅವನೂ ಅಳುತ್ತಿದ್ದ. ಹೆದರಿಕೆ ಇದ್ದವರನ್ನು ನಾನು ಬಲವಂತ ಮಾಡುವುದಿಲ್ಲ. ಅವರಿಗೆ ಔಲಿ ಇದೆ, ಮನಾಲಿ ಇದೆ. ಹೋಗುವವರು ಆ ಹೊತ್ತಿನ ಸರ್ಕಾರದ ಸೂಚನೆ ನೋಡಿಕೊಂಡು ಹೋಗಲಿ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ರೈಲು ಓಡುತ್ತಿದೆ. ಹಿಮ ಬಿದ್ದು ವಿಮಾನ ನಿಂತರೆ ಇನ್ನೊಂದು ದಾರಿ ಇದೆ ಅನ್ನುವುದು ಒಂದು ಧೈರ್ಯ.

ಟೂರ್ ನಡೆಸುವವರಲ್ಲಿ ನನ್ನದು ಒಂದೇ ಮನವಿ. ಹಿಮದ ಪ್ಯಾಕೇಜ್ ಮಾರುವಾಗ ಊರಿನ ಎತ್ತರ ಎಷ್ಟು, ಫೋಟೊ ಯಾವ ತಿಂಗಳಿನದು ಅಂತ ಕಾಗದದಲ್ಲಿ ಬರೆಯಿರಿ. ಹಿಮ ಇಲ್ಲದಿದ್ದರೆ ಒಂದು ಸಲ ತಾರೀಖು ಬದಲಿಸಲು ಅವಕಾಶ ಕೊಡಿ. ಮೊಳಕೆ ಎಷ್ಟು ಪ್ರತಿಶತ ಅಂತ ಚೀಲದ ಮೇಲೆ ಅಚ್ಚು ಹಾಕದೆ ನಾನು ಬೀಜ ಮಾರುವ ಹಾಗಿಲ್ಲ. ನಿಮ್ಮ ವ್ಯಾಪಾರಕ್ಕೂ ಅಷ್ಟು ಇರಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮಳೆಗಾಲದಲ್ಲಿ ನೀವು ದಿನಾ ಜಲಾಶಯಗಳ ಮಟ್ಟ ಹಾಕುತ್ತೀರಿ. ತುಂಗಭದ್ರಾ ಎಷ್ಟು, ಭದ್ರಾ ಎಷ್ಟು, ವಾಣಿವಿಲಾಸ ಎಷ್ಟು. ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದೇ ಆ ಸಣ್ಣ ಚೌಕ. ಡಿಸೆಂಬರಿನಿಂದ ಮಾರ್ಚ್ ತನಕ ಅದೇ ಜಾಗದಲ್ಲಿ ವಾರಕ್ಕೊಮ್ಮೆ ಗುಲ್ಮಾರ್ಗ್, ಔಲಿ, ಸೋಲಾಂಗ್ ಮೂರೂ ಕಡೆ ನೆಲದ ಮೇಲೆ ಎಷ್ಟು ಹಿಮ ಇದೆ ಅಂತ ಹಾಕಿ. ಮೂರೇ ಸಾಲು ಸಾಕು. ಸಾಲ ಮಾಡಿ ಮಕ್ಕಳನ್ನು ಕರೆದುಕೊಂಡು ಹೋಗುವವರು ನಮ್ಮಲ್ಲಿ ಜಾಸ್ತಿ. ಅವರಿಗೆ ಆ ಮೂರು ಸಾಲು ದೊಡ್ಡ ಉಪಕಾರ.

ಶಾಲೆ ರಜೆಯ ಮಾತು ಬಗೆಹರಿಯುವುದಿಲ್ಲ, ಗೊತ್ತು. ನಮ್ಮ ದಸರಾ ರಜೆಗೆ ಅಲ್ಲಿ ಹಿಮ ಬಂದಿರುವುದಿಲ್ಲ, ಬೇಸಿಗೆ ರಜೆಗೆ ಸ್ಕೀ ಮುಗಿದಿರುತ್ತದೆ. ಪರೀಕ್ಷೆ ಇಲ್ಲದ ತರಗತಿಯ ಮಕ್ಕಳಾದರೆ ಫೆಬ್ರವರಿಯಲ್ಲಿ ಒಂದು ವಾರ ರಜೆ ಬರೆದುಕೊಡಿ ಅಂತ ಮೇಷ್ಟ್ರನ್ನು ಕೇಳುವುದೇ ವಾಸಿ.

ಅವ್ವನ ಆಸೆ ಇನ್ನೂ ಬಾಕಿ ಇದೆ. ಅವಳಿಗೆ ಗುಲ್ಮಾರ್ಗ್‌ನ ದಿಬ್ಬ ಬೇಡ, ಗಾಡಿ ಬಾಗಿಲು ತೆಗೆದರೆ ಕೈಗೆ ಸಿಗುವ ಹಿಮ ಬೇಕು. ಅದಕ್ಕೆ ಅಟಲ್ ಸುರಂಗದ ಆಚೆಯ ಸಿಸ್ಸು ಸರಿ ಅಂತ ಗೊತ್ತು ಮಾಡಿದ್ದೇನೆ. ಸುಮಾರು 3,100 ಮೀಟರ್, ಅಲ್ಲಿ ತನಕ ರಸ್ತೆ ಇದೆ. ಅವಳ ಬಿ.ಪಿ. ನೋಡುವ ಡಾಕ್ಟರು ಮನಾಲಿಯಲ್ಲಿ ಎರಡು ರಾತ್ರಿ ಇದ್ದು ಆಮೇಲೆ ಮೇಲೆ ಹೋಗಿ ಅಂದಿದ್ದಾರೆ. ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ ಅಲ್ಲಿನ ಊರಹಬ್ಬ. ಕೆಲವು ವರ್ಷ ಪಂಚಾಯ್ತಿಯವರು ಆ ದಿನಗಳಲ್ಲಿ ಪ್ರವಾಸಿಗರನ್ನು ಬಿಟ್ಟುಕೊಂಡಿಲ್ಲ. ನಮ್ಮಲ್ಲೂ ಮಾರಿಹಬ್ಬಕ್ಕೆ ಊರಿಗೆ ದಿಗ್ಬಂಧನ ಹಾಕುವುದಿಲ್ಲವೇ? ಹಾಗಾಗಿ ಮಾರ್ಚ್ ಮೊದಲ ವಾರ ಅಂದುಕೊಂಡಿದ್ದೇನೆ. ಹಿಮ ಸಾಲದಿದ್ದರೆ ಅದರ ಮುಂದಿನ ವಾರ. ಚಳ್ಳಕೆರೆಯಿಂದ ಅವ್ವನಿಗೆ ಕಂಬಳಿ ತಂದಾಗಿದೆ. ಟಿಕೆಟ್ ಇನ್ನೂ ತೆಗೆದಿಲ್ಲ.

ನಿಮ್ಮ ಓದುಗ,
ಬೀಜ, ಗೊಬ್ಬರದ ಅಂಗಡಿಯವನು
ಚಿತ್ರದುರ್ಗ